83 ಸೆಕೆಂಡಿನ ಲೇಸರ್

"ಲೇಸರ್ ಮಾಡ್ತೀರಲ್ಲ ಡಾಕ್ಟ್ರೇ, ಇನ್ಮೇಲೆ ಕನ್ನಡಕ ಬೇಡ್ವಲ್ಲ?" ಮ್ಯಾಕ್ಯುಲಾ ಸವೆದವರು ಹೀಗೆ ಕೇಳಿದಾಗಲೆಲ್ಲ ನನಗೆ ಇಕ್ಕಟ್ಟು. ಅವರ ಮನಸ್ಸಿನಲ್ಲಿರುವುದು ಕನ್ನಡಕ ಬಿಡಿಸುವ ಲೇಸರ್, ನನ್ನ ಕೈಯಲ್ಲಿರುವುದು ಇದ್ದ ನೋಟ ಇನ್ನೂ ಹೋಗದಿರಲಿ ಅಂತ ಮಾಡುವ ಲೇಸರ್.

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುವೆ ಇರುವ ಪುಟ್ಟ ಜಾಗ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತು ಹಿಡಿಯುವುದು ಎಲ್ಲ ಅದರಿಂದಲೇ. ವಯಸ್ಸಾದ ಮೇಲೆ ಕೆಲವರಿಗೆ ಅದರಡಿ ಬೇಡದ ರಕ್ತನಾಳ ಹುಟ್ಟಿ ಸೋರುತ್ತದೆ, ನೇರ ಗೆರೆಗಳೂ ಸೊಟ್ಟಗೆ ಕಾಣುತ್ತವೆ. ನಾವು 'ವೆಟ್' ಅನ್ನುವ ಬಗೆ ಇದು. ನಾನು ಲೇಸರ್ ಮಾಡಿದ್ದು ಇದಕ್ಕೇ.

ನಾನು ಕಲಿಯುವಾಗ ಇದ್ದದ್ದು ಸುಡುವ ಲೇಸರ್. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಲೆನ್ಸ್ ಇಟ್ಟು, ಕಾಲಲ್ಲಿ ಪೆಡಲ್ ಒತ್ತುತ್ತಿದ್ದೆ. ಬೆಳಕು ಬಿದ್ದ ಕಡೆ ಬೇಯುತ್ತಿರುವ ಮೊಟ್ಟೆಯ ಹಾಗೆ ಬೆಳ್ಳಗಾಗುತ್ತಿತ್ತು. ನಾಳದ ಜೊತೆ ಅದರ ಮೇಲಿನ ರೆಟಿನಾನೂ ಸುಟ್ಟಿತು ಅಂತಲೇ ಅರ್ಥ. ನಾಳ ಮ್ಯಾಕ್ಯುಲಾದ ನಡುವಿನಿಂದ ಪಕ್ಕಕ್ಕಿದ್ದರೆ ಸರಿ. ಆಗಲೂ ಸುಮಾರು ಅರ್ಧದಷ್ಟು ಜನರಲ್ಲಿ ಮತ್ತೆ ಚಿಗುರುತ್ತಿತ್ತು. ನಟ್ಟನಡುವೆ ಇದ್ದರೆ ಮಾತ್ರ ಕಷ್ಟ. ರೋಗಿ ಕುರ್ಚಿಯಿಂದ ಏಳುವ ಹೊತ್ತಿಗೇ ಮೊದಲಿಗಿಂತ ಮಸುಕು. ಮುಂದೆ ಜಾಸ್ತಿ ಹೋಗದಿರಲಿ ಅಂತ ಇವತ್ತೇ ಸ್ವಲ್ಪ ಕಳೆಯುವ ವ್ಯಾಪಾರ. ಇದನ್ನು ಎಪ್ಪತ್ತು ದಾಟಿದ ಅಜ್ಜಿಗೆ ಹೇಗೆ ಹೇಳ್ತೀರಿ?

ಆಮೇಲೆ ಪಿಡಿಟಿ ಬಂತು, ಅಂದರೆ ಫೋಟೊಡೈನಾಮಿಕ್ ಥೆರಪಿ, ಔಷಧಿ ಮತ್ತು ಬೆಳಕು ಸೇರಿದ ಚಿಕಿತ್ಸೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಎತ್ತರ, ತೂಕ ನೋಡಿ ವರ್ಟೆಪೋರ್ಫಿನ್ ಎಂಬ ಕಡುಹಸಿರು ಔಷಧಿಯನ್ನು ಹತ್ತು ನಿಮಿಷ ರಕ್ತಕ್ಕೆ ಹರಿಸಬೇಕು. ಈ ಹತ್ತು ನಿಮಿಷ ನನ್ನ ಕಣ್ಣು ರೋಗಿಯ ಕೈ ಮೇಲೆ. ಔಷಧಿ ನರದಿಂದ ಆಚೆ ಸೋರಿದರೆ ಅಲ್ಲಿನ ಚರ್ಮಕ್ಕೆ ಪೆಟ್ಟು. ಶುರು ಮಾಡಿ ಹದಿನೈದನೇ ನಿಮಿಷಕ್ಕೆ ಲೇಸರ್: 689 ನ್ಯಾನೊಮೀಟರ್‌ನ ಕೆಂಪು ಬೆಳಕು, 83 ಸೆಕೆಂಡ್. ಈ ಬೆಳಕು ಸುಡುವುದಿಲ್ಲ, ಔಷಧಿಯನ್ನು ಕೆರಳಿಸಿ ನಾಳವನ್ನು ಒಳಗಿಂದ ಮುಚ್ಚಿಸುತ್ತದೆ. ಅಷ್ಟೂ ಹೊತ್ತು ರೋಗಿ ನೋಟ ಕದಲಿಸಬಾರದು, ನಾನು ಕೈ ಕದಲಿಸಬಾರದು. 83 ಸೆಕೆಂಡ್ ಎಷ್ಟು ಉದ್ದ ಅಂತ ಮಾಡಿದವರಿಗೇ ಗೊತ್ತು.

ನಾಳ ಬೆಳೆಯದಂತೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳು ಬಂದ ಮೇಲೆ ಇದೂ ಹಿಂದೆ ಸರಿಯಿತು. ನಾಳದ ತುದಿಯಲ್ಲಿ ಗುಳ್ಳೆಗಳಿರುವ ಪಾಲಿಪಾಯ್ಡಲ್ ಬಗೆ ನಮ್ಮ ಏಷ್ಯಾದವರಲ್ಲಿ ಜಾಸ್ತಿ. ಅಂಥವರಲ್ಲಿ ಕೆಲವರಿಗೆ ಈಗಲೂ ಇಂಜೆಕ್ಷನ್ ಜೊತೆ ಮಾಡುತ್ತೇನೆ, ಔಷಧಿ ಸಿಕ್ಕರೆ.

ಶುರುವಿನ ದಿನಗಳ ಒಂದು ಎಡವಟ್ಟು ಹೇಳಲೇಬೇಕು. ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಪಿಡಿಟಿ ಮಾಡಿ, "ಐದು ದಿನ ಬೆಳಕಿಗೆ ಬರಬೇಡಿ" ಅಂದುಬಿಟ್ಟೆ. ಹೇಳಬೇಕಾದದ್ದು ಬಿಸಿಲು, ಹೇಳಿದ್ದು ಬೆಳಕು. ಅವರೋ ಶಿಸ್ತಿನ ಮನುಷ್ಯ. ಕಿಟಕಿಗೆಲ್ಲ ಕಂಬಳಿ ಕಟ್ಟಿ, ಬಲ್ಬ್ ತೆಗೆಸಿ, ಕತ್ತಲಲ್ಲೇ ಊಟ ಮಾಡಿದರಂತೆ. ಬಿಸಿಲು, ಉರಿಯುವ ಹ್ಯಾಲೊಜೆನ್ ದೀಪ ಬೇಡ, ನಿಜ. ಆದರೆ ಮನೆಯ ಮಾಮೂಲಿ ಬೆಳಕು ಬೇಕೇ ಬೇಕು, ಚರ್ಮದಲ್ಲಿ ಉಳಿದ ಔಷಧಿಯ ಶಕ್ತಿ ಇಳಿಯಲು ಅದು ನೆರವಾಗುತ್ತದೆ. ಬಾತ್‌ರೂಮಿಗೆ ಹೋಗುವಾಗ ಹೊಸ್ತಿಲಿಗೆ ಎಡವಿ ಹೆಬ್ಬೆರಳು ಒಡೆದುಕೊಂಡಿದ್ದರು, ಪಾಪ. ತಪ್ಪು ನನ್ನದೇ.

ಮೂರು ತಿಂಗಳಿಗೆ ಮತ್ತೆ ಬಂದರು. ಹೇಗಿದೆ ಮೇಷ್ಟ್ರೇ ಅಂದೆ. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ರೂಮಿನ ಬಾಗಿಲನ್ನೇ ನೋಡಿದರು. "ಚೌಕಟ್ಟು ಸೊಟ್ಟಗೇ ಇದೆ. ಆದ್ರೆ ಹೋದ ಸಲ ಎಷ್ಟಿತ್ತೋ ಅಷ್ಟೇ."