ಸ್ಟ್ಯಾಟಿಕ್ ಐಪಿ ಇಲ್ಲದೆ ವೈರ್‌ಗಾರ್ಡ್: ನನ್ನ ಅನುಭವ

ಶಿರಸಿಯ ಅಂಗಡಿಯಲ್ಲಿರುವ ಲೆಕ್ಕದ ಕಂಪ್ಯೂಟರನ್ನು ಸಿದ್ದಾಪುರದ ಗೋದಾಮಿನಿಂದ ತೆರೆಯಬೇಕಿತ್ತು. ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇಲ್ಲದೆ ಆಗುವ ಮಾತಲ್ಲ ಅಂದವರೇ ಎಲ್ಲ. ವೈರ್‌ಗಾರ್ಡ್ ಹಾಕಿದೆ; ಎರಡು ಜಾಗಗಳ ನಡುವೆ ಇಂಟರ್ನೆಟ್ಟಿನಲ್ಲೇ ಗುಪ್ತ ದಾರಿ (ಟನಲ್) ಕೊರೆಯುವ ವಿಪಿಎನ್ ತಂತ್ರಾಂಶ ಅದು. ಎಂಟು ತಿಂಗಳಾಯಿತು, ಸರಾಗವಾಗಿ ನಡೆಯುತ್ತಿದೆ.

ಎರಡೂ ಕಡೆ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗೇ ಇತ್ತು, ಅಂದರೆ ಸಿಜಿನ್ಯಾಟ್: ಕಂಪನಿ ಒಂದೇ ಹೊರ ವಿಳಾಸವನ್ನು ಹಲವರಿಗೆ ಹಂಚಿರುತ್ತದೆ, ಹೊರಗಿನಿಂದ ನೇರ ಒಳಬರಲಾಗದು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬರುವುದಕ್ಕೆ ಬಾಗಿಲು ತೆರೆಯುವುದು) ಮಾಡುತ್ತ ಕೂತರೆ ಸಮಯ ದಂಡ. ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ ಆರು ಸಾವಿರದ ಆಸುಪಾಸು ಕೇಳಿದರು. ತಿಂಗಳಿಗೆ ಸುಮಾರು 400 ರೂಪಾಯಿಯ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ತೆಗೆದುಕೊಂಡು ಅದನ್ನೇ ನಡುವೆ ನಿಲ್ಲಿಸಿದೆ. ಎರಡೂ ಕಡೆ ಒಂದೊಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್), ದಾರಿ ಮುಚ್ಚದಂತೆ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಪ್ಯಾಕೆಟ್. ಎರಡೂ ಕಡೆ ಒಳಗಿನ ವಿಳಾಸಗಳ ಗುಂಪು (ಸಬ್‌ನೆಟ್) ಒಂದೇ, 192.168.1, ಇದ್ದುದರಿಂದ ಗೋದಾಮಿನದನ್ನು 192.168.37ಕ್ಕೆ ಬದಲಿಸಿದೆ.

ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತು ಹಿಡಿಯುವುದು) ಆಯಿತು, ಪಿಂಗ್ ಬಂತು, ಆದರೆ ರಿಮೋಟ್ ಡೆಸ್ಕ್‌ಟಾಪ್ ಕಪ್ಪು ಪರದೆಗೇ ನಿಂತಿತು. ಇದು ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತಕರಾರು. ಗೋದಾಮಿನ 4ಜಿ ಲೈನಿನಿಂದ ವಿಪಿಎಸ್‌ಗೆ, ಟನಲ್ ಹೊರಗೆ, ಪ್ಯಾಕೆಟ್ ಒಡೆಯದಂತೆ ಪಿಂಗ್ ಮಾಡಿದಾಗ 1400 ಬೈಟಿನವರೆಗೆ ಮಾತ್ರ ದಾಟಿತು. ಹೆಡರಿನ 28 ಕೂಡಿಸಿದರೆ 1428, ವೈರ್‌ಗಾರ್ಡ್‌ನ 60 ಕಳೆದರೆ 1368. ಮೂರೂ ಕಡೆ ಎಂಟಿಯು 1360 ಹಾಕಿ, ಎಂಎಸ್ಎಸ್ (ಹೆಡರ್ ಬಿಟ್ಟು ಒಳಗಿನ ಮಾಹಿತಿಯ ಮಿತಿ) 1320ಕ್ಕೆ ಕಟ್ಟಿದ ಮೇಲೆ ಪರದೆ ತೆರೆಯಿತು. ಒಂದು ಮಾತು: ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಬೇರೆ ಸಬ್‌ನೆಟ್ಟಿನ ಪಿಂಗ್ ತಡೆಯುತ್ತದೆ, ಹಾಗಾಗಿ ಪರೀಕ್ಷೆಗೆ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನೇ ತಟ್ಟಿ ನೋಡಿ.

ನಿಜವಾಗಿ ಸತಾಯಿಸಿದ್ದು ಕರೆಂಟು. ಹೋಗಿ ಬಂದಾಗಲೆಲ್ಲ ಗೋದಾಮಿನ ಟನಲ್ ಸತ್ತಿರುತ್ತಿತ್ತು; ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಟ್ಟು ತಾನಾಗಿ ಎದ್ದೇಳುತ್ತಿತ್ತು. ಎಲ್ಲರ ಬೆರಳೂ ಲೈನಿನ ಕಡೆಗೇ. ವಿಪಿಎಸ್‌ನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿದೆ: ಹ್ಯಾಂಡ್‌ಶೇಕ್ ಕೇಳುವ 148 ಬೈಟಿನ ಪ್ಯಾಕೆಟ್ ಐದೈದು ಸೆಕೆಂಡಿಗೆ ಬರುತ್ತಿದೆ, ಹೋಗಬೇಕಾದ 92ರ ಉತ್ತರ ಒಂದೂ ಇಲ್ಲ. ಲೈನ್ ಚೆನ್ನಾಗಿಯೇ ಇದೆ, ಸರ್ವರ್ ಬೇಕೆಂದೇ ಸುಮ್ಮನಿದೆ!

ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಡಿಸ್ಕಿನಲ್ಲಿ ಕೊನೆಗೆ ಉಳಿಸಿಟ್ಟ ಸಮಯದಿಂದ ಏಳುತ್ತದೆ. ಹ್ಯಾಂಡ್‌ಶೇಕಿನ ಸಮಯ ಹಿಂದಿನದಕ್ಕಿಂತ ಹಳೆಯದಿದ್ದರೆ ವೈರ್‌ಗಾರ್ಡ್ ಅದನ್ನು ಬಿಸಾಡುತ್ತದೆ; ಪೈಯ ಗಡಿಯಾರ ನಡೆದು ಆ ಹಿಂದಿನ ಸಮಯವನ್ನು ದಾಟಿದ ಮೇಲೆಯೇ ಟನಲ್ ಏಳುತ್ತಿತ್ತು. ಇಂಟರ್ನೆಟ್ಟಿನಿಂದ ಸಮಯ ಸರಿಮಾಡಬೇಕಾದ ಎನ್‌ಟಿಪಿಯೂ ಆ ಸತ್ತ ಟನಲ್ ಮೂಲಕವೇ ಹೋಗುತ್ತಿತ್ತು, ಯಾಕೆಂದರೆ ಅಲೌಡ್ ಐಪಿಯಲ್ಲಿ (ಟನಲ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿ) 0.0.0.0/0, ಅಂದರೆ ಎಲ್ಲ ವಿಳಾಸ, ಕೊಟ್ಟಿದ್ದೆ. ಅದನ್ನು ಎರಡು ಸಬ್‌ನೆಟ್ಟಿಗೆ ಇಳಿಸಿದೆ. ಸುಮಾರು 200 ರೂಪಾಯಿಯ ಡಿಎಸ್3231 ಬ್ಯಾಟರಿ ಗಡಿಯಾರವನ್ನೂ ಕೂರಿಸಿದೆ. ತುರ್ತಿಗೆ, ವಿಪಿಎಸ್‌ನಲ್ಲಿ ಆ ಪಿಯರನ್ನು (ಗೋದಾಮಿನ ಪೈಯ ನಮೂದನ್ನು) ತೆಗೆದು ಮತ್ತೆ ಸೇರಿಸಿದರೂ ಸಾಕು.

ನಡುವೆ ಇನ್ನೊಂದು ವಿಪಿಎನ್ ತಂತ್ರಾಂಶವಾದ ಓಪನ್‌ವಿಪಿಎನ್ ಅನ್ನು ಟಿಸಿಪಿ 443ರಲ್ಲಿ ಓಡಿಸಿ ನೋಡಿದೆ, ವೇಗ ಅರ್ಧಕ್ಕಿಳಿಯಿತು. ಲೆಕ್ಕದ ಫೋಲ್ಡರನ್ನೇ ಶೇರ್ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ. 50 ಮಿಲಿಸೆಕೆಂಡ್ ತಡವಿರುವ ಲೈನಿನಲ್ಲಿ ಒಂದು ಬಿಲ್ ತೆರೆಯಲು ಅರ್ಧ ನಿಮಿಷ. ಫೈಬರ್ ಹೋದರೆ ಅಂಗಡಿಯನ್ನು ತಾನಾಗಿ 4ಜಿಗೆ ಹೊರಳಿಸುವ ಸ್ಕ್ರಿಪ್ಟ್ ಒಂದನ್ನು ಬರೆದುಕೊಂಡಿದ್ದೇನೆ, ಅದು ನನ್ನ ಬಳಿಯೇ ಇರಲಿ.