ಟೆಕ್ಸಾಸ್‌ನಲ್ಲಿ ಹ್ಯಾಂಗರ್ ಕಟ್ಟಿದ್ದು: ನನ್ನ ಅನುಭವ

ನಾನು ಸಣ್ಣ ವಿಮಾನಗಳ ಮೆಕ್ಯಾನಿಕ್. ಟೆಕ್ಸಾಸ್‌ನ ಒಂದು ಊರಿನ ವಿಮಾನ ನಿಲ್ದಾಣದಲ್ಲಿ ಜಾಗ ಲೀಸ್‌ಗೆ ತಗೊಂಡು ರಿಪೇರಿ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸಿ ಕೆಲಸ ಮಾಡುವ ದೊಡ್ಡ ಶೆಡ್, ಕಟ್ಟಿದ್ದೇನೆ. ಅದೇ ದಾರಿಯಲ್ಲಿರುವ ನಮ್ಮವರಿಗೆ ನಾನು ಹೇಳೋದು ಒಂದೇ: ಶೆಡ್ ಕಟ್ಟುವವರ ಹತ್ತಿರ ರೇಟು ಕೇಳುವ ಮುಂಚೆ ಆ ರಾಜ್ಯದ ಕಾನೂನು ಓದಿ.

ಅಮೆರಿಕದಲ್ಲಿ ಹಾರಾಟದ ನಿಯಮಗಳೆಲ್ಲ ಅಲ್ಲಿನ ಕೇಂದ್ರ ಸರ್ಕಾರದ ವಿಮಾನಯಾನ ಸಂಸ್ಥೆಯಾದ ಎಫ್‌ಎಎ ಕೈಯಲ್ಲಿವೆ. ಆದರೆ ನಿಲ್ದಾಣ ಯಾರದ್ದು, ಅಲ್ಲಿನ ಜಾಗವನ್ನು ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಕೊಡಬಹುದು ಅನ್ನೋದನ್ನು ರಾಜ್ಯದ ಕಾನೂನು ಹೇಳುತ್ತದೆ. ನಮ್ಮ ದೇಶದಲ್ಲಿ ವಿಮಾನ ನಿಲ್ದಾಣ ಕೇಂದ್ರ ಪಟ್ಟಿಯ ವಿಷಯ. ಹಾಗಾಗಿಯೇ ಶಿವಮೊಗ್ಗದ ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತದೆ ಅಂದಾಗ ಅದು ಸುದ್ದಿಯಾಯಿತು. ಅಮೆರಿಕದಲ್ಲಿ ಪುಟ್ಟ ಊರಿಗೂ ಸ್ವಂತ ನಿಲ್ದಾಣ ಇರುತ್ತದೆ. ದೊಡ್ಡದಾದ ಡಲ್ಲಾಸ್ ಫೋರ್ಟ್‌ವರ್ತ್ ಕೂಡ ಆ ಎರಡು ನಗರಗಳ ಜಂಟಿ ಆಸ್ತಿ.

ಟೆಕ್ಸಾಸ್‌ನಲ್ಲಿ ನೋಡಬೇಕಾದದ್ದು ಸಾರಿಗೆ ಸಂಹಿತೆಯ 22ನೇ ಅಧ್ಯಾಯ. ಲೀಸ್ 40 ವರ್ಷ ಮೀರುವಂತಿಲ್ಲ ಅನ್ನೋದು ಅಲ್ಲೇ ಇದೆ. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು 22.021ನೇ ಸೆಕ್ಷನ್. ಒಂದೇ ಬಗೆಯ ಸೌಲಭ್ಯ ಪಡೆಯುವವರಿಗೆಲ್ಲ ಬಾಡಿಗೆ, ಶುಲ್ಕ ನ್ಯಾಯವಾಗಿರಬೇಕು, ಒಂದೇ ಸಮ ಇರಬೇಕು ಅಂತ ಅದು ಹೇಳುತ್ತದೆ. ನನಗೆ ಕಳಿಸಿದ ಲೀಸ್ ಕರಡಿನಲ್ಲಿದ್ದ ಬಾಡಿಗೆಯೋ, ಪಕ್ಕದ ಸಾಲಿನವರು ಕೊಡುತ್ತಿದ್ದಾರೆ ಅಂತ ಕೇಳಿದ್ದಕ್ಕಿಂತ ಹೆಚ್ಚಿತ್ತು.

ಕೇಳಿದ ಮಾತು ನಂಬಿಕೊಂಡು ಜಗಳಕ್ಕೆ ಹೋಗೋಕಾಗಲ್ಲ ಅಲ್ವಾ? ನಮ್ಮ ಆರ್‌ಟಿಐ ಥರ ಇಲ್ಲೂ ಸಾರ್ವಜನಿಕ ಮಾಹಿತಿ ಕಾಯ್ದೆ ಇದೆ. ಅದರಡಿ ಅರ್ಜಿ ಹಾಕಿ, ಆ ನಿಲ್ದಾಣದಲ್ಲಿ ಚಾಲ್ತಿಯಲ್ಲಿದ್ದ ಲೀಸ್‌ಗಳ ಪ್ರತಿ ಕೇಳಿದೆ. ಬಂದ ಪತ್ರಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ: ಜಾಗದ ಅಳತೆ, ಚದರ ಅಡಿಗೆ ಬಾಡಿಗೆ, ಎಷ್ಟು ವರ್ಷಕ್ಕೊಮ್ಮೆ ಏರಿಕೆ, ಮುಗಿಯುವ ವರ್ಷ. ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು. ಹಾಳೆಯ ಕೆಳಗೆ ಆ ಸೆಕ್ಷನ್‌ನ ಸಾಲುಗಳನ್ನು ಇದ್ದ ಹಾಗೇ ಬರೆದು ನಿಲ್ದಾಣದ ಮ್ಯಾನೇಜರ್‌ಗೆ ಕೊಟ್ಟೆ. ಅವರು ಸಿಟಿ ವಕೀಲರನ್ನು ಕೇಳಿದರು. ಸಿಟಿ ಕೌನ್ಸಿಲ್ ಮುಂದೆ ಹೋಗುವಷ್ಟರಲ್ಲಿ ಬಾಡಿಗೆ ಉಳಿದವರ ಮಟ್ಟಕ್ಕೆ ಇಳಿದಿತ್ತು. ಅವರು ಮನಸ್ಸಿಟ್ಟು ಓದಿದರು, ಅದಕ್ಕೆ ನಾನು ಋಣಿ.

ಎಫ್‌ಎಎ ಕಡೆಯ ಎರಡು ವಿಷಯ ಗೊತ್ತಿರಲಿ. ಫೆಡರಲ್ ಅನುದಾನ ಪಡೆದ ನಿಲ್ದಾಣ ಯಾವುದೋ ಒಂದೇ ಅಂಗಡಿಗೆ ಏಕಸ್ವಾಮ್ಯ ಕೊಡುವಂತಿಲ್ಲ. 'ಇಲ್ಲಿ ಈಗಾಗಲೇ ಒಬ್ಬ ಮೆಕ್ಯಾನಿಕ್ ಇದ್ದಾನೆ' ಅಂದರೆ ಸುಮ್ನೆ ವಾಪಸ್ ಬರಬೇಡಿ. ಇನ್ನೊಂದು, ಕಟ್ಟಡ ಶುರುಮಾಡುವ 45 ದಿನ ಮೊದಲೇ ಕಟ್ಟಡದ ವಿವರ ತಿಳಿಸುವ 7460-1 ಫಾರಂ ಅನ್ನು ಎಫ್‌ಎಎಗೆ ಹಾಕಬೇಕು.

ಒಂದು ಷರತ್ತು ಮಾತ್ರ ಸಡಿಲವಾಗಲಿಲ್ಲ. ಲೀಸ್ ಮುಗಿದ ದಿನ ಹ್ಯಾಂಗರ್ ಸಿಟಿಯ ಪಾಲು. ಇಂಥ ಷರತ್ತು ಇಲ್ಲಿ ತುಂಬಾ ಕಡೆ ಇರುತ್ತದೆ. ಹಾಗಾಗಿ ನಾನು ಬಾಡಿಗೆಗಿಂತ ವರ್ಷಗಳಿಗೇ ಹೆಚ್ಚು ಹಟ ಹಿಡಿದೆ. ಕಟ್ಟುವ ಖರ್ಚನ್ನು ಲೀಸ್‌ನ ವರ್ಷಗಳಿಂದ ಭಾಗಿಸಿ, ಅದಕ್ಕೆ ವರ್ಷದ ಬಾಡಿಗೆ ಸೇರಿಸಿ ನೋಡಿ. ನೀವು ನಿಜವಾಗಿ ಕೊಡುವ ಬಾಡಿಗೆ ಅದು. ಮೊದಲ ಕರಡಿನಲ್ಲಿ ನನಗೆ 20 ವರ್ಷ ಕೊಟ್ಟಿದ್ದರು. ಈ ಲೆಕ್ಕ ತೋರಿಸಿದ ಮೇಲೆ 30 ಮಾಡಿದರು.