ಟರ್ಬೊ ಕಾರು ಕಟ್ಟುವಾಗ ಬಿಸಿಯೊಡನೆ ನಡೆಸಿದ ಗುದ್ದಾಟ

1984ರ ಗ್ರ್ಯಾನ್ ಪ್ರಿ ಕಾರ್ ಓಟಗಳ ಋತುವಿಗಾಗಿ ಸ್ವಂತ ಟರ್ಬೊ ಕಾರು (ಹೊಗೆಯ ಬಲದಿಂದ ತಿರುಗುವ ಪಂಪು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಕಾರು) ಕಟ್ಟಿದ ಇಂಗ್ಲೆಂಡಿನ ಒಂದು ಸಣ್ಣ ತಂಡದಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಮೆಕ್‌ಲಾರೆನ್ ತಂಡ 1981ರಲ್ಲೇ ಕಾರ್ಬನ್ ಫೈಬರ್ ಒಡಲನ್ನು ಓಟಕ್ಕೆ ತಂದಿತ್ತಾದರೂ, ಅದನ್ನು ಬೇಯಿಸುವ ಒಲೆಯ ಖರ್ಚು ನಮ್ಮ ಅಳವಿಗೆ ಮೀರಿದ್ದರಿಂದ, ನಾವು ಅಲ್ಯೂಮಿನಿಯಂ ಜೇನುಗೂಡು ಹಾಳೆಗಳನ್ನೇ ಮಡಿಸಿ, ಅಂಟಿಸಿ, ರಿವೆಟ್ ಹೊಡೆದು ಒಡಲನ್ನು ಸಿದ್ಧಪಡಿಸಿದೆವು. ಕೊಂಡು ತಂದದ್ದು ಹಾರ್ಟ್ ಕಂಪನಿಯ 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಅದರ ಹೆಡ್ (ಮೇಲಿನ ಮುಚ್ಚಳ) ಮತ್ತು ಬ್ಲಾಕ್ (ಸಿಲಿಂಡರುಗಳಿರುವ ಒಡಲು) ಒಂದೇ ಎರಕವಾದ್ದರಿಂದ, ಟರ್ಬೊ ಒತ್ತಡಕ್ಕೆ ಸುಲಭವಾಗಿ ಬಲಿಯಾಗುವ, ಅವೆರಡರ ಸಂದಿನ ಬಿಗಿಪಟ್ಟಿಯಾದ ಹೆಡ್ ಗ್ಯಾಸ್ಕೆಟ್ಟೇ ಅದರಲ್ಲಿರಲಿಲ್ಲ. ಹಾಗೆ ಯೋಚಿಸಿದವರಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ನಮ್ಮನ್ನು ಕಾಡಿದ್ದು ಬಿಸಿ. 25 ಡಿಗ್ರಿಯ ಗಾಳಿಯನ್ನು ಎರಡೂವರೆ ಪಟ್ಟು ಒತ್ತಡಕ್ಕೆ ಹಿಂಡಿದರೆ ಅದು ಟರ್ಬೊದ ಕಂಪ್ರೆಸರಿನಿಂದ ಸುಮಾರು 150 ಡಿಗ್ರಿಯಾಗಿ ಹೊರಬರುತ್ತದೆ. ತಣಿಸದೆ ಒಳಗೆ ಬಿಟ್ಟರೆ ಇಂಧನವು ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನನ್ನೇ ತೂತು ಮಾಡುತ್ತದೆ. ಲೆಕ್ಕದ ಪ್ರಕಾರ, ಹೊರಗಾಳಿಯಿಂದ ಇದನ್ನು ತಣಿಸುವ ನಮ್ಮ ಇಂಟರ್‌ಕೂಲರ್ ಸಾಕಷ್ಟು ದೊಡ್ಡದೇ ಇತ್ತು, ಆದರೂ ಗಾಳಿ ತಣಿಯುತ್ತಿರಲಿಲ್ಲ. ಗಾಳಿಯ ಹರಿವನ್ನು ಪರೀಕ್ಷಿಸುವ ವಿಂಡ್ ಟನೆಲ್ ಬಾಡಿಗೆಗೆ ಹಣವಿಲ್ಲದ ಕಾರಣ, ಕಾರಿನ ಪಕ್ಕೆಯ ಗಾಳಿಬಾಯಿಯ ಸುತ್ತ ಉಣ್ಣೆಯ ಎಳೆಗಳನ್ನು ಅಂಟಿಸಿ, ಸಿಲ್ವರ್‌ಸ್ಟೋನ್ ಓಟದ ಹಾದಿಯಲ್ಲಿ ಓಡಿಸಿ, ಜೊತೆಯಲ್ಲೇ ಸಾಗಿದ ವ್ಯಾನಿನಿಂದ ಫೋಟೊ ತೆಗೆದೆವು. ಎಳೆಗಳೆಲ್ಲ ಹೊರಮುಖವಾಗಿ ತಿರುಗಿದ್ದವು: ಗಾಳಿ ಒಳಗೆ ಹೋಗುವ ಬದಲು ಬಾಯಿಯಲ್ಲೇ ಚೆಲ್ಲಿಹೋಗುತ್ತಿತ್ತು. ಬಾಯಿ ಕಿರಿದಾಗಿ, ಒಳಕ್ಕೆ ಹೋದಂತೆ ನಿಧಾನವಾಗಿ ಅಗಲವಾಗುವ ತಗಡಿನ ಕೊಳವೆಯನ್ನು ಎರಡು ರಾತ್ರಿ ಕೂತು ಮಾಡಿ, ಇಂಟರ್‌ಕೂಲರಿನ ಸುತ್ತಲಿನ ಸಂದುಗಳಿಗೆ ಸ್ಪಂಜು ತುರುಕಿದೆವು. ಮುಂದಿನ ಓಟದಲ್ಲಿ ಗಾಳಿಯ ಬಿಸಿ ತೋರಿಸುವ ಮುಳ್ಳು ಎಷ್ಟು ಕೆಳಗಿಳಿಯಿತೆಂದರೆ, ಮೀಟರ್ ಕೆಟ್ಟಿರಬೇಕೆಂದು ನಾನು ಅದನ್ನು ಬೆರಳಿನಿಂದ ತಟ್ಟಿ ನೋಡಿದೆ.

ಓಟದಲ್ಲಿ ನಿಲ್ಲುವ ಸಾಲನ್ನು ನಿರ್ಧರಿಸುವ ಅರ್ಹತಾ ಸುತ್ತಿನಲ್ಲಿ ದೊಡ್ಡ ತಂಡಗಳು ಟರ್ಬೊ ಒತ್ತಡ ಏರಿಸಿ ಒಂದೆರಡು ಸುತ್ತಿಗೇ ಎಂಜಿನ್ನನ್ನು ಸವೆಸಿಬಿಡುತ್ತಿದ್ದವು. ನಮಗೆ ಅದೇ ಎಂಜಿನ್ ಭಾನುವಾರದ ಓಟಕ್ಕೂ ಬೇಕಾಗಿದ್ದರಿಂದ ನಾವು ಕೊನೆಯ ಸಾಲುಗಳಲ್ಲೇ ನಿಲ್ಲುತ್ತಿದ್ದೆವು. ಆ ವರ್ಷ ಓಟದ ನಡುವೆ ಇಂಧನ ತುಂಬುವುದು ನಿಷೇಧವಾಗಿ, ಇಡೀ ಓಟದ ಮಿತಿ 220 ಲೀಟರಿಗೆ ಇಳಿದಿತ್ತು. ಉಳ್ಳವರು ಇಂಧನವನ್ನು ತಣಿಸಿ, ಕುಗ್ಗಿಸಿ ಅಷ್ಟೇ ಜಾಗದಲ್ಲಿ ಹೆಚ್ಚು ತುಂಬುತ್ತಿದ್ದರು, ನಾವು ಒತ್ತಡ ಇಳಿಸಿ ಉಳಿಸುತ್ತಿದ್ದೆವು.

ಓಡಿ ಬಂದ ಕೂಡಲೇ ಎಂಜಿನ್ ಆರಿಸಿದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕಿಟ್ಟವಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ, ಅಂದರೆ ನಿಂತಲ್ಲೇ ನಿಧಾನವಾಗಿ ತಿರುಗುತ್ತಿರುವಂತೆ, ಬಿಡಬೇಕೆಂದು ನಮ್ಮ ಚಾಲಕನಿಗೆ ಹೇಳಿ ಹೇಳಿ ಸಾಕಾಗಿತ್ತು. ಒಮ್ಮೆ ಆತ ಕೋಪದಲ್ಲಿ ಸ್ವಿಚ್ ಆರಿಸಿ ಇಳಿದುಹೋದ. ಬದಲಿ ಟರ್ಬೊ ಇದ್ದದ್ದು ಒಂದೇ, ಅದೂ ಆಗಲೇ ಬಿಚ್ಚಿ ಮೇಜಿನ ಮೇಲಿತ್ತು.